ಸುಕ್ಕು ಮುಖದ ನಾಯಿ ತರುವ ಮೊದಲು ಆ ಸುಕ್ಕು ಬಿಡಿಸಿ ನೋಡಿ

ಹಚ್ ಕಂಪನಿಯ ಆ ಜಾಹೀರಾತು ಟೀವಿಯಲ್ಲಿ ಬಂದದ್ದು 2003ರಲ್ಲಿ. ಪುಟ್ಟ ಹುಡುಗ ಎಲ್ಲಿ ಹೋದರೂ ಬೆನ್ನು ಬಿಡದೆ ಹಿಂದೆ ಹೋಗುವ ಒಂದು ಪಗ್. ಕಂಪನಿ ಹೆಸರು ಆಮೇಲೆ ವೊಡಾಫೋನ್ ಆಯಿತು, ಆದರೆ ನಮ್ಮ ಕಡೆ ಎಷ್ಟೋ ಜನರ ಬಾಯಲ್ಲಿ ಅದು ಇವತ್ತಿಗೂ ‘ಹಚ್ ನಾಯಿ’ಯೇ. ಈಗ ಟೀವಿ ಜಾಗಕ್ಕೆ ರೀಲ್ಸ್ ಬಂದಿದೆ. ಮೈತುಂಬಾ ಮಡಿಕೆ ಹೊತ್ತು ತಟ್ಟಾಡುತ್ತಾ ನಡೆಯುವ ಶಾರ್ ಪೇ ಮರಿಯ ವಿಡಿಯೊ ನೋಡಿದ ತಕ್ಷಣ ಜನ ಕೇಳುವುದು ಒಂದೇ, ಇದು ಎಲ್ಲಿ ಸಿಗುತ್ತೆ, ಎಷ್ಟು ರೇಟು ಅಂತ.

ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಈ ಚರ್ಮ ಯಾಕೆ ಹೀಗೆ ಸುಕ್ಕಾಯಿತು? ಎಲ್ಲ ತಳಿಗೂ ಒಂದೇ ಕಾರಣ ಅಲ್ಲ. ಶಾರ್ ಪೇಗೆ ಒಂದು ಕಾರಣ, ಪಗ್ ಮತ್ತು ಬುಲ್‌ಡಾಗ್‌ಗೆ ಬೇರೆ, ಬ್ಲಡ್‌ಹೌಂಡ್ ಮತ್ತು ನಿಯಾಪೊಲಿಟನ್ ಮ್ಯಾಸ್ಟಿಫ್‌ಗೆ ಇನ್ನೂ ಬೇರೆ. ಕಾರಣ ಗೊತ್ತಾದರೆ ಯಾವ ಕಾಯಿಲೆಗೆ ಹೆದರಬೇಕು, ದಿನಾ ಏನು ಮಾಡಬೇಕು ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಶಾರ್ ಪೇ ಕಥೆ ಎಲ್ಲಕ್ಕಿಂತ ವಿಚಿತ್ರ, ಅಲ್ಲಿಂದಲೇ ಶುರು ಮಾಡೋಣ. ಇದು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ನಾಯಿ. ರೈತರ ಮನೆ ಕಾಯುತ್ತಿತ್ತು, ಬೇಟೆಗೆ ಹೋಗುತ್ತಿತ್ತು, ಜೂಜುಕೋರರು ಇದನ್ನು ನಾಯಿ ಕಾಳಗಕ್ಕೂ ಬಿಡುತ್ತಿದ್ದರು. ಸಡಿಲ ಚರ್ಮ ಅಲ್ಲಿ ಉಪಯೋಗಕ್ಕೆ ಬರುತ್ತಿತ್ತು ಅಂತ ಹೇಳುತ್ತಾರೆ. ಎದುರಾಳಿ ಕಚ್ಚಿ ಹಿಡಿದರೆ ಅದರ ಬಾಯಿಗೆ ಸಿಗುವುದು ಬರೀ ಚರ್ಮ, ಒಳಗಿನ ನಾಯಿ ಆ ಚರ್ಮದೊಳಗೇ ಹೊರಳಿ ವಾಪಸ್ ಕಚ್ಚಬಹುದು. 1949ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ ನಾಯಿ ಸಾಕುವುದು ಉಳ್ಳವರ ಶೋಕಿ ಅನ್ನಿಸಿಕೊಂಡಿತು, ತಳಿ ಹೆಚ್ಚುಕಡಿಮೆ ನಾಶವಾಗುವ ಸ್ಥಿತಿಗೆ ಬಂತು. 1973ರಲ್ಲಿ ಹಾಂಗ್‌ಕಾಂಗಿನ ಮ್ಯಾಟ್ಗೊ ಲಾ ಎಂಬ ನಾಯಿ ಸಾಕಣೆಗಾರರು ಅಮೆರಿಕದ ಒಂದು ಪತ್ರಿಕೆಗೆ ಬರೆದು, ಈ ತಳಿಯನ್ನು ಉಳಿಸಿಕೊಡಿ ಅಂತ ಕೇಳಿಕೊಂಡರು. 1978ರಲ್ಲಿ ಗಿನ್ನೆಸ್ ಪುಸ್ತಕ ಇದನ್ನು ಜಗತ್ತಿನ ಅತಿ ಅಪರೂಪದ ನಾಯಿ ಅಂತ ಕರೆಯಿತು. ಅಪರೂಪ ಅಂದ ಮೇಲೆ ಕೇಳಬೇಕೇ? ಅಮೆರಿಕದಲ್ಲಿ ಎಲ್ಲರಿಗೂ ಬೇಕಾಯಿತು. 1992ಕ್ಕೆ ಅಲ್ಲಿನ ಕೆನಲ್ ಕ್ಲಬ್, ಅಂದರೆ ನಾಯಿ ತಳಿಗಳನ್ನು ನೋಂದಾಯಿಸುವ ಸಂಸ್ಥೆ, ಪೂರ್ತಿ ಮಾನ್ಯತೆಯನ್ನೂ ಕೊಟ್ಟಿತು.

ಇಷ್ಟರೊಳಗೆ ನಾಯಿಯ ಮುಖವೇ ಬದಲಾಗಿತ್ತು. ಚೀನಾದ ಹಳೇ ಶಾರ್ ಪೇಗೆ ಹಣೆಯ ಮೇಲೆ, ಕತ್ತಿನಲ್ಲಿ ಒಂದಿಷ್ಟು ಸುಕ್ಕು ಇತ್ತು, ಅಷ್ಟೇ. ಮೂತಿ ತೆಳ್ಳಗೆ, ಮೈ ಬಿಗಿ. ಪಶ್ಚಿಮದವರಿಗೆ ಇಷ್ಟವಾದದ್ದು ಸುಕ್ಕು. ಹಾಗಾಗಿ ಜಾಸ್ತಿ ಸುಕ್ಕಿನ ಗಂಡಿಗೆ ಜಾಸ್ತಿ ಸುಕ್ಕಿನ ಹೆಣ್ಣು ಜೋಡಿಸುತ್ತಾ, ದಪ್ಪ ಉಬ್ಬಿದ ಮೂತಿಯ ಹೊಸ ಶಾರ್ ಪೇ ತಯಾರು ಮಾಡಿದರು. ನಾವು ರೀಲ್ಸ್‌ನಲ್ಲಿ ನೋಡುವುದು ಈ ಹೊಸದನ್ನು. ಅದನ್ನೇ ‘ಪುರಾತನ ಚೀನೀ ತಳಿ’ ಅಂತ ಮಾರುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಈ ಸುಕ್ಕಿನ ಒಳಗೆ ಇರುವುದು ಹಯಲುರೊನಿಕ್ ಆಸಿಡ್. ಹೌದು, ಮುಖದ ಸೀರಮ್ ಬಾಟಲಿ ಮೇಲೆ ಬರೆದಿರುತ್ತದಲ್ಲ, ಅದೇ. ಎಲ್ಲ ಪ್ರಾಣಿಗಳ ಚರ್ಮದಲ್ಲೂ ಸ್ವಲ್ಪ ಇರುತ್ತದೆ, ನೀರು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಶಾರ್ ಪೇ ಮೈಯಲ್ಲಿ ಇದು ಅತಿಯಾಗಿ ತಯಾರಾಗುತ್ತದೆ. ಇದನ್ನು ತಯಾರಿಸುವ ಎಚ್‌ಎಎಸ್‌2 ಎಂಬ ಜೀನ್ ಪಕ್ಕದಲ್ಲಿ ಡಿಎನ್‌ಎಯ ಒಂದು ತುಂಡು ಮತ್ತೆ ಮತ್ತೆ ನಕಲಾಗಿ ಕೂತಿದೆ ಅಂತ 2011ರಲ್ಲಿ ವಿಜ್ಞಾನಿಗಳು ಪತ್ತೆ ಮಾಡಿದರು. ಹಾಗಾಗಿ ಚರ್ಮ ಊದಿಕೊಂಡು, ದಪ್ಪವಾಗಿ, ಮಡಿಕೆ ಮಡಿಕೆಯಾಗಿ ನಿಲ್ಲುತ್ತದೆ. ಕೆಲವು ನಾಯಿಗಳಲ್ಲಿ ಇದು ಎಷ್ಟು ತುಂಬಿರುತ್ತದೆ ಅಂದರೆ, ವೆಟ್ (ಪಶುವೈದ್ಯರು) ಸೂಜಿಯಿಂದ ಚರ್ಮಕ್ಕೆ ಸಣ್ಣಗೆ ಚುಚ್ಚಿದರೆ ರಕ್ತದ ಬದಲು ಪಾರದರ್ಶಕವಾದ, ಅಂಟಂಟಾದ ಲೋಳೆ ಬರುತ್ತದೆ, ಬೆರಳಲ್ಲಿ ಮುಟ್ಟಿ ಎಳೆದರೆ ದಾರದ ಹಾಗೆ ಉದ್ದಕ್ಕೆ ಬರುತ್ತದೆ. ಕಾಯಿಲೆ ಗುರುತಿಸಲು ವೆಟ್‌ಗಳು ಬಳಸುವ ಪರೀಕ್ಷೆಯೇ ಇದು.

ಇಲ್ಲಿಗೆ ಮುಗಿಯುವುದಿಲ್ಲ. ಆ ಡಿಎನ್‌ಎ ತುಂಡಿನ ನಕಲು ಜಾಸ್ತಿ ಇರುವ ನಾಯಿಗಳಲ್ಲಿ ‘ಶಾರ್ ಪೇ ಜ್ವರ’ವೂ ಜಾಸ್ತಿ ಅಂತ ಅದೇ ಅಧ್ಯಯನ ತೋರಿಸಿತು. ಯಾವ ಸೋಂಕೂ ಇಲ್ಲದೆ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ. ಹಿಂಗಾಲಿನ ಹಿಮ್ಮಡಿ ಗಂಟು ಊದುತ್ತದೆ, ಮೂತಿ ಊದುತ್ತದೆ, ನಾಯಿ ಮುಟ್ಟಿಸಿಕೊಳ್ಳುವುದಿಲ್ಲ. ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯಿತಲ್ಲ ಅಂತ ಸುಮ್ನೆ ಇದ್ದುಬಿಡುತ್ತಾರೆ ನೋಡಿ, ಅಪಾಯ ಇರುವುದು ಅಲ್ಲೇ. ಪದೇ ಪದೇ ಹೀಗಾದರೆ ಅಮೈಲಾಯ್ಡ್ ಎಂಬ ಪ್ರೋಟೀನ್ ಕಿಡ್ನಿಯಲ್ಲಿ ಶೇಖರವಾಗಿ ಕಿಡ್ನಿ ಕೆಡುತ್ತದೆ. ಜ್ವರ ಬಂದುಹೋದ ಶಾರ್ ಪೇಗೆ ವೆಟ್ ಹತ್ತಿರ ಮೂತ್ರ, ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಅಂದರೆ ನಾವು ಮುದ್ದು ಅಂದುಕೊಳ್ಳುವ ಸುಕ್ಕು ಮತ್ತು ಆ ಜ್ವರ, ಎರಡರ ಬೇರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿದೆ. ಜಾಸ್ತಿ ಸುಕ್ಕಿನ ಮರಿಗೆ ಜಾಸ್ತಿ ದುಡ್ಡು ಕೊಡುವವರು ಒಮ್ಮೆ ಯೋಚಿಸಬೇಕಾದ ವಿಷಯ ಇದು.

ಪಗ್, ಇಂಗ್ಲಿಷ್ ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ಗಳ ಲೆಕ್ಕ ಬೇರೆ. ಇವುಗಳ ಚರ್ಮದಲ್ಲಿ ಅಂಥ ಲೋಳೆ ಏನೂ ಇಲ್ಲ. ಬದಲಾಗಿದ್ದು ಒಳಗಿನ ಮೂಳೆ. ತಲೆಮಾರುಗಟ್ಟಲೆ ಮೊಂಡು ಮೂತಿಯ ನಾಯಿಗಳನ್ನೇ ಆರಿಸಿ ಮರಿ ಮಾಡಿಸಿದ್ದರಿಂದ ಮೂತಿಯ ಮೂಳೆ ಗಿಡ್ಡವಾಯಿತು, ಮೇಲಿನ ಚರ್ಮ ಮಾತ್ರ ಅಷ್ಟೇ ಉಳಿಯಿತು. ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗೆ. ಮಿಕ್ಕ ಚರ್ಮ ಮೂಗಿನ ಮೇಲೆ ಸುರುಳಿಯಾಗಿ ಕೂತಿತು. ಹೊರಗೆ ಕಾಣುವ ಮಡಿಕೆ ಚಿಕ್ಕ ಸಮಸ್ಯೆ. ದೊಡ್ಡದು ಒಳಗಿದೆ: ಬಾಯಿ, ಗಂಟಲಿನ ಮೆತ್ತನೆ ಭಾಗಗಳೂ ಮೂಳೆಯ ಜೊತೆ ಚಿಕ್ಕದಾಗಲಿಲ್ಲ. ಅವೆಲ್ಲ ಗಂಟಲಲ್ಲಿ ಒತ್ತೊತ್ತಾಗಿ ಸೇರಿಕೊಂಡು ಉಸಿರಾಟದ ದಾರಿಗೆ ಅಡ್ಡ ಬರುತ್ತವೆ. ಪಗ್ ಗೊರಕೆ ಹೊಡೆದರೆ ಮನೆಯವರೆಲ್ಲ ನಕ್ಕು ವಿಡಿಯೊ ಮಾಡುತ್ತಾರೆ. ಅದು ಉಸಿರಿಗೆ ಒದ್ದಾಡುತ್ತಿರುವ ಸದ್ದು ಅಂತ ಗೊತ್ತಾದ ಮೇಲೆ ಆ ವಿಡಿಯೊ ನೋಡಲು ಮನಸ್ಸಾಗುವುದಿಲ್ಲ.

ನೆದರ್ಲೆಂಡ್ಸ್ ಸರ್ಕಾರ 2019ರಲ್ಲಿ ಇದಕ್ಕೆ ಕಡಿವಾಣ ಹಾಕಿತು, ಮೂತಿ ತೀರಾ ಗಿಡ್ಡ ಇರುವ ನಾಯಿಗಳಿಂದ ಮರಿ ಮಾಡಿಸುವಂತಿಲ್ಲ ಅಂತ ಅಳತೆ ಸಮೇತ ನಿಯಮ ತಂದಿತು. ಬ್ರಿಟನ್ನಿನ ಕೆನಲ್ ಕ್ಲಬ್ ಕೂಡ 2009ರಲ್ಲಿ ಬುಲ್‌ಡಾಗ್ ಮುಖದ ಸುಕ್ಕು ಕಡಿಮೆ ಇರಬೇಕು ಅಂತ ತನ್ನ ಮಾನದಂಡ ತಿದ್ದಿತು.

ಮೂರನೇ ಗುಂಪು ಬ್ಲಡ್‌ಹೌಂಡ್, ಬ್ಯಾಸೆಟ್ ಹೌಂಡ್, ಇಟಲಿಯ ನಿಯಾಪೊಲಿಟನ್ ಮ್ಯಾಸ್ಟಿಫ್. ಇವುಗಳದ್ದು ಸಡಿಲವಾಗಿ ಜೋಲುವ ಚರ್ಮ. ತಲೆ ಬಗ್ಗಿಸಿದರೆ ಹಣೆಯ ಚರ್ಮವೆಲ್ಲ ಮುಂದಕ್ಕೆ ಜಾರಿ ಕಣ್ಣಿನ ಮೇಲೆ ಬೀಳುತ್ತದೆ. ಬ್ಲಡ್‌ಹೌಂಡ್‌ನ ಮಡಿಕೆಗಳು ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತವೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ನಾನು ಅದನ್ನು ಅಷ್ಟು ನಂಬುವುದಿಲ್ಲ, ಮೂಗಿನ ಸಾಮರ್ಥ್ಯ ಇರುವುದು ಮೂಗಿನ ಒಳಗೆ. ಮ್ಯಾಸ್ಟಿಫ್‌ನ ಸುಕ್ಕಂತೂ ಬರೀ ನೋಟಕ್ಕೆ ಬೆಳೆಸಿದ್ದು. 2017ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ‘ಜಗತ್ತಿನ ಅತಿ ಕುರೂಪಿ ನಾಯಿ’ ಸ್ಪರ್ಧೆ ಗೆದ್ದದ್ದು ಮಾರ್ಥಾ ಎಂಬ ನಿಯಾಪೊಲಿಟನ್ ಮ್ಯಾಸ್ಟಿಫ್. ಈ ಗುಂಪಿನಲ್ಲಿ ಕೆಳರೆಪ್ಪೆ ಜೋತು ಬಿದ್ದು ಕೆಂಪು ಕಾಣುತ್ತಿರುತ್ತದೆ, ಧೂಳು, ಕಸ ಎಲ್ಲ ಅಲ್ಲೇ ಸೇರುತ್ತದೆ. ಜೊತೆಗೆ ಜೊಲ್ಲು. ತಲೆ ಒದರಿತು ಅಂದರೆ ಗೋಡೆ, ಕರ್ಟನ್, ನಿಮ್ಮ ಪ್ಯಾಂಟು ಎಲ್ಲಕ್ಕೂ ಪಾಲು ಸಿಗುತ್ತದೆ.

ಕಾರಣ ಯಾವುದೇ ಇರಲಿ, ಮಡಿಕೆ ಅಂದ ಮೇಲೆ ಅದರೊಳಗೆ ನಡೆಯುವುದು ಒಂದೇ. ಅಲ್ಲಿ ಗಾಳಿ ಆಡುವುದಿಲ್ಲ. ಕಣ್ಣೀರು, ಜೊಲ್ಲು, ಕುಡಿದ ನೀರು, ಊಟದ ಚೂರು ಸೇರುತ್ತದೆ. ಎರಡು ಬದಿಯ ಚರ್ಮ ಇಡೀ ದಿನ ಒಂದಕ್ಕೊಂದು ಉಜ್ಜುತ್ತದೆ. ಬೆಚ್ಚಗೆ, ಒದ್ದೆಯಾಗಿ, ಕತ್ತಲಾಗಿ ಇರುವ ಜಾಗದಲ್ಲಿ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಬೆಳೆಯುವುದಕ್ಕೆ ಇನ್ನೇನು ಬೇಕು? ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದ ಪ್ರಕಾರ ಮಿಶ್ರ ತಳಿ ನಾಯಿಗಳಿಗೆ ಹೋಲಿಸಿದರೆ ಈ ಮಡಿಕೆ ಸೋಂಕಿನ ಸಾಧ್ಯತೆ ಇಂಗ್ಲಿಷ್ ಬುಲ್‌ಡಾಗ್‌ಗೆ ಸುಮಾರು 49 ಪಟ್ಟು, ಫ್ರೆಂಚ್ ಬುಲ್‌ಡಾಗ್‌ಗೆ 26 ಪಟ್ಟು, ಪಗ್‌ಗೆ 16 ಪಟ್ಟು ಜಾಸ್ತಿ.

ಹಾಗಾದರೆ ದಿನಾ ಏನು ಮಾಡಬೇಕು? ಪಗ್‌ನ ಮೂಗಿನ ಮೇಲಿನ ಮಡಿಕೆಯನ್ನೇ ತಗೊಳ್ಳಿ. ನಾಯಿಯನ್ನು ಎದುರಿಗೆ ಕೂರಿಸಿಕೊಂಡು, ಒಂದು ಕೈಯ ಹೆಬ್ಬೆರಳಿನಿಂದ ಮಡಿಕೆಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿ. ಒಳಗೆ ತಿಳಿ ಗುಲಾಬಿ ಬಣ್ಣ ಇದ್ದು, ಒಣಗಿದ್ದರೆ ಸರಿ ಇದೆ ಅಂತ ಅರ್ಥ. ಕಂದು ಬಣ್ಣದ ಮೇಣದಂಥದ್ದು ಕೂತಿದ್ದರೆ, ಕೆಂಪಾಗಿದ್ದರೆ, ಕೂದಲು ಉದುರಿದ್ದರೆ ಸೋಂಕು ಶುರುವಾಗಿದೆ. ಮೂಗು ಹತ್ತಿರ ತಂದು ವಾಸನೆ ನೋಡಿ, ನಾಚಿಕೆ ಬೇಡ. ಹುಳಿ ಹುಳಿ ಗಬ್ಬು ವಾಸನೆ ಬಂದರೆ ಯೀಸ್ಟ್ ಇರಬಹುದು. ಉಗುರು ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಮಡಿಕೆಯ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಈ ಎರಡನೇ ಒರೆಸುವಿಕೆಯೇ ಮುಖ್ಯ. ತೇವ ಬಿಟ್ಟರೆ ತೊಳೆದೂ ಪ್ರಯೋಜನವಿಲ್ಲ. ಸೋಂಕು ಇದ್ದರೆ ವೆಟ್ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಇರುವ ವೈಪ್ಸ್ ಕೊಡುತ್ತಾರೆ, ಅದು ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ, ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ ಹಾನಿ ಮಾಡುತ್ತದೆ.

ಮುಖದ ಮಡಿಕೆ ದಿನಾ ನೋಡಬೇಕು. ಮೈ ಮಡಿಕೆಗೆ ವಾರಕ್ಕೆ ಒಂದೆರಡು ಸಲ ಸಾಕು, ಮಳೆಗಾಲದಲ್ಲಿ ಜಾಸ್ತಿ. ತುಟಿಯ ಪಕ್ಕದ ಮಡಿಕೆ ಮತ್ತು ಬಾಲದ ಬುಡ, ಇವೆರಡನ್ನೂ ಜನ ಮರೆಯುತ್ತಾರೆ. ಬುಲ್‌ಡಾಗ್‌ನ ಸುರುಳಿ ಬಾಲದ ಕೆಳಗೆ ಒಂದು ಆಳವಾದ ಗುಳಿ ಇರುತ್ತದೆ. ಬೆರಳು ಹಾಕಿ ನೋಡದಿದ್ದರೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ನಾಯಿ ಪದೇ ಪದೇ ಕುಂಡೆಯನ್ನು ನೆಲಕ್ಕೆ ಉಜ್ಜುತ್ತಿದ್ದರೆ ಅಲ್ಲೂ ಒಮ್ಮೆ ನೋಡಿ.

ನಮ್ಮ ಮನೆಗಳಲ್ಲಿ ಚರ್ಮಕ್ಕೆ ಏನೇ ಆದರೂ ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆ ಮತ್ತು ಅರಿಶಿನಕ್ಕೆ, ಅಲ್ವಾ? ಇಲ್ಲಿ ಬೇಡ. ಎಣ್ಣೆ ಹಚ್ಚಿದರೆ ಒಣಗಬೇಕಾದ ಮಡಿಕೆ ಇನ್ನಷ್ಟು ಜಿಡ್ಡಾಗುತ್ತದೆ, ನಾಯಿ ಅದನ್ನು ನೆಕ್ಕಿ ನೆಕ್ಕಿ ಮತ್ತೆ ಒದ್ದೆ ಮಾಡುತ್ತದೆ. ಬೇಬಿ ಪೌಡರ್ ಕೂಡ ಬೇಡ, ತೇವಕ್ಕೆ ಅಂಟಿ ಗಟ್ಟಿಯಾಗಿ ಕೂರುತ್ತದೆ. ನಾವು ಹಚ್ಚುವ ಸ್ಕಿನ್ ಕ್ರೀಮ್‌ಗಳನ್ನೂ ಕೇಳದೆ ಹಚ್ಚಬೇಡಿ, ಸ್ಟಿರಾಯ್ಡ್ ಇರುವ ಕ್ರೀಮ್ ಎರಡು ದಿನ ತುರಿಕೆ ನಿಲ್ಲಿಸಿ ಮೂರನೇ ದಿನದಿಂದ ಸೋಂಕು ಬೆಳೆಸುವ ಸಾಧ್ಯತೆ ಇದೆ. ಸ್ನಾನವನ್ನೂ ವಾರವಾರ ಮಾಡಿಸಬೇಕಾಗಿಲ್ಲ. ಇನ್ನೊಂದು ಮಾತು, ತೂಕ. ದಪ್ಪಗಾದಷ್ಟೂ ಮಡಿಕೆ ಆಳವಾಗುತ್ತದೆ. ಪಗ್‌ಗೆ ಎಷ್ಟು ಹಾಕಿದರೂ ಸಾಕು ಅನ್ನುವುದಿಲ್ಲ, ಅದರ ದೊಡ್ಡ ಕಣ್ಣು ನೋಡಿ ಇಡ್ಲಿ, ಬಿಸ್ಕತ್ತು ಹಾಕುವ ಅಜ್ಜಿ-ತಾತಂದಿರನ್ನು ತಡೆಯುವುದೇ ಆರೈಕೆಯ ಅರ್ಧ ಕೆಲಸ.

ಕಣ್ಣಿನ ವಿಷಯ ಶಾರ್ ಪೇಯಲ್ಲಿ ತುಂಬಾ ಮುಖ್ಯ. ಸುಕ್ಕಿನ ಭಾರಕ್ಕೆ ರೆಪ್ಪೆ ಒಳಕ್ಕೆ ಮಡಚಿಕೊಳ್ಳುತ್ತದೆ, ರೆಪ್ಪೆಯ ಕೂದಲು ಕಣ್ಣಿನ ಗುಡ್ಡೆಗೆ ಇಡೀ ದಿನ ಗೀರುತ್ತಿರುತ್ತದೆ. ಎಷ್ಟೋ ಮರಿಗಳಿಗೆ ಕಣ್ಣು ಬಿಟ್ಟ ಕೆಲವೇ ವಾರಗಳಲ್ಲಿ ವೆಟ್ ರೆಪ್ಪೆಗೆ ತಾತ್ಕಾಲಿಕ ಹೊಲಿಗೆ ಹಾಕಿ ಹೊರಕ್ಕೆ ಎಳೆದು ನಿಲ್ಲಿಸಬೇಕಾಗುತ್ತದೆ. ಬೆಳೆದ ಮೇಲೂ ಸರಿಹೋಗದಿದ್ದರೆ ಆಪರೇಷನ್. ನಾಯಿ ಕಣ್ಣು ಕಿರಿದು ಮಾಡಿಕೊಂಡು, ನೀರು ಸುರಿಸುತ್ತಾ, ಬೆಳಕು ಕಂಡರೆ ಮುಖ ತಿರುಗಿಸುತ್ತಿದ್ದರೆ ಕಾಯಬೇಡಿ. ಗೀರಿನಿಂದ ಹುಣ್ಣಾಗಿ ದೃಷ್ಟಿಯೇ ಹೋಗಬಹುದು.

ಬಿಸಿಲಿನ ಮಾತು. ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ತಂಪಾಗುವುದಕ್ಕೆ ಅದು ನಾಲಗೆ ಚಾಚಿ ಏದುಸಿರು ಬಿಡಲೇಬೇಕು. ಮೊಂಡು ಮೂತಿ ನಾಯಿಗೆ ಉಸಿರೇ ಸರಿಯಾಗಿ ಆಡದಿದ್ದಾಗ ಆ ದಾರಿಯೂ ಅರ್ಧ ಮುಚ್ಚಿದ ಹಾಗೆ. ಏಪ್ರಿಲ್ ತಿಂಗಳ ಕಲಬುರಗಿ, ರಾಯಚೂರಿನ ಸೆಕೆ ಇವಕ್ಕೆ ಪ್ರಾಣಕ್ಕೇ ಕುತ್ತು. ಮಂಗಳೂರಿನಲ್ಲಿ ಬಿಸಿಲು ಅಷ್ಟಿಲ್ಲ ಅಂದುಕೊಳ್ಳಬೇಡಿ, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ನಾಲಗೆಯ ನೀರು ಆವಿಯಾಗುವುದಿಲ್ಲ, ಮೈ ತಂಪಾಗುವುದಿಲ್ಲ. ನಮ್ಮ ಬಾಗಲಕೋಟೆಯ ಮುಧೋಳ ನಾಯಿಯ ಉದ್ದ ಮೂತಿ, ತೆಳು ಮೈ, ಬಿಗಿ ಚರ್ಮ ನೋಡಿದರೆ ಈ ನೆಲಕ್ಕೆ ಎಂಥ ದೇಹ ಬೇಕು ಅಂತ ಗೊತ್ತಾಗುತ್ತದೆ. ಪಗ್, ಬುಲ್‌ಡಾಗ್ ಇದ್ದರೆ ವಾಕಿಂಗ್ ಬೆಳಗ್ಗೆ ಬೇಗ, ಇಲ್ಲವೇ ರಾತ್ರಿ. ಕತ್ತಿಗೆ ಬೆಲ್ಟ್ ಬೇಡ, ಎದೆಗೆ ಹಾಕುವ ಹಾರ್ನೆಸ್ ಹಾಕಿ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷ ಕೂಡ ಬಿಡಬೇಡಿ. ನಾಲಗೆ ನೀಲಿಯಾದರೆ, ತೂರಾಡಿದರೆ ಮೈಗೆಲ್ಲ ತಣ್ಣೀರು ಹಾಕಿ, ಫ್ಯಾನ್ ಕೆಳಗೆ ಇಟ್ಟು, ತಕ್ಷಣ ವೆಟ್ ಹತ್ತಿರ ಓಡಿ. ಶಾರ್ ಪೇಗಾದರೆ ನಾಲಗೆ ಸಹಜವಾಗಿಯೇ ನೀಲಿ-ಕಪ್ಪು, ಅದನ್ನು ನೋಡಿ ಗಾಬರಿಯಾಗಬೇಡಿ.

ಮಳೆ ಶುರುವಾದರೆ ಉಣ್ಣೆ ಹುಳುವಿನ (ಟಿಕ್) ಕಾಟ. ಬೆರಳ ಸಂದಿ, ಕಿವಿ ಒಳಗೆ ಹುಡುಕುವ ಹಾಗೆ ಇವುಗಳಲ್ಲಿ ಪ್ರತಿ ಮಡಿಕೆಯನ್ನೂ ಬಿಡಿಸಿ ಹುಡುಕಬೇಕು. ಟಿಕ್ ಫೀವರ್ ನಮ್ಮಲ್ಲಿ ಸಾಮಾನ್ಯ, ಉಣ್ಣೆಗೆ ಕೊಡುವ ಮಾತ್ರೆ ಅಥವಾ ಚರ್ಮದ ಮೇಲೆ ಹಾಕುವ ಹನಿ ಔಷಧ (ಸ್ಪಾಟ್-ಆನ್) ತಪ್ಪಿಸಬೇಡಿ. ಶಾರ್ ಪೇಗೆ ಜ್ವರ ಬಂದಾಗ ಅದು ಟಿಕ್ ಫೀವರೋ ಅದರದ್ದೇ ಜ್ವರವೋ ಅಂತ ರಕ್ತ ಪರೀಕ್ಷೆ ಇಲ್ಲದೆ ಹೇಳಲು ಆಗುವುದಿಲ್ಲ.

ಇನ್ನು ಸ್ವಭಾವ. ಹಣೆ ಸುಕ್ಕಾದ ಮುಖ ನೋಡಿದರೆ ಪಾಪ, ಏನೋ ಚಿಂತೆ ಇರಬೇಕು ಅಂತ ನಮಗೆ ಅನ್ನಿಸುತ್ತದೆ. ಮುಖ ನೋಡಿ ಇವುಗಳ ಮನಸ್ಸು ಹೇಳಲು ಹೋದರೆ ಪೂರ್ತಿ ತಪ್ಪುತ್ತೀರಿ. ಪಗ್ ಕೋಡಂಗಿ, ಮನೆಯಲ್ಲಿ ಯಾರಾದರೊಬ್ಬರ ಮಡಿಲು ಬೇಕೇ ಬೇಕು, ಒಂಟಿಯಾಗಿ ಬಿಟ್ಟು ಹನ್ನೆರಡು ಗಂಟೆ ಆಫೀಸಿಗೆ ಹೋಗುವವರಿಗೆ ಹೇಳಿದ್ದಲ್ಲ. ಬುಲ್‌ಡಾಗ್ ಗೂಳಿಯ ಮೇಲೆ ನಾಯಿ ಬಿಟ್ಟು ಕಚ್ಚಿಸುವ ಆಟಕ್ಕೆ ಹುಟ್ಟಿದ ತಳಿ, ಬ್ರಿಟನ್ನಿನಲ್ಲಿ 1835ರಲ್ಲಿ ಆ ಆಟಕ್ಕೆ ನಿಷೇಧ ಬಿತ್ತು, ಅದಾದ ಮೇಲೆ ಸಾಧು ನಾಯಿಗಳನ್ನೇ ಆರಿಸುತ್ತಾ ಬಂದರು. ಈಗಿನದು ಮಕ್ಕಳ ಜೊತೆ ಬಹಳ ಸೈರಣೆಯ ನಾಯಿ, ಆದರೆ ಭಾರೀ ಹಟಮಾರಿ. ವಾಕಿಂಗ್ ಮಧ್ಯೆ ಕೂತುಬಿಟ್ಟರೆ ಅದಕ್ಕೆ ಇಷ್ಟವಾದಾಗಲೇ ಏಳುವುದು. ಬ್ಲಡ್‌ಹೌಂಡ್ ಸಾಧು, ವಾಸನೆಯ ಜಾಡು ಸಿಕ್ಕರೆ ಮಾತ್ರ ನಿಮ್ಮ ಕೂಗು ಕಿವಿಗೆ ಬೀಳುವುದಿಲ್ಲ. ನಿಯಾಪೊಲಿಟನ್ ಮ್ಯಾಸ್ಟಿಫ್ ಮನೆಯವರಿಗೆ ಪ್ರಾಣ ಕೊಡುತ್ತದೆ, ಹೊರಗಿನವರನ್ನು ನಂಬುವುದಿಲ್ಲ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅದರ ಜೊತೆ ನಿಲ್ಲುವ ಪಕ್ಕದ ಮನೆಯವರ ಬಗ್ಗೆಯೂ ಯೋಚಿಸಿ.

ಶಾರ್ ಪೇ ಮಾತ್ರ ರೀಲ್ಸ್ ನೋಡಿ ತಂದವರಿಗೆ ದೊಡ್ಡ ಆಶ್ಚರ್ಯ ಕೊಡುವ ನಾಯಿ. ಮರಿ ಟೆಡ್ಡಿ ಥರ ಕಾಣುತ್ತದೆ, ಬೆಳೆದ ಮೇಲೆ ಅದು ಗಂಭೀರ, ಸ್ವತಂತ್ರ, ಅಪ್ಪಿ ಮುದ್ದಾಡಿದರೆ ಎದ್ದು ಹೋಗುವ ಕಾವಲು ನಾಯಿ. ಮನೆಯಲ್ಲಿ ಒಬ್ಬರನ್ನು ಹಚ್ಚಿಕೊಳ್ಳುತ್ತದೆ, ಉಳಿದವರನ್ನು ಸಹಿಸಿಕೊಳ್ಳುತ್ತದೆ. ಬೇರೆ ನಾಯಿಗಳ ಜೊತೆ ಹೊಂದಿಕೆ ಕಷ್ಟ, ಮರಿಯಾಗಿದ್ದಾಗಲೇ ಜನ, ನಾಯಿ, ಸದ್ದು ಎಲ್ಲಕ್ಕೂ ಅಭ್ಯಾಸ ಮಾಡಿಸಬೇಕು. ಕಣ್ಣು ಆಳದಲ್ಲಿದ್ದು ಸುತ್ತ ಮಡಿಕೆ ಇರುವುದರಿಂದ ಪಕ್ಕದಿಂದ ಬರುವುದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಹಿಂದಿನಿಂದ ಬಂದು ತಟಕ್ಕನೆ ಮುಟ್ಟಿದರೆ ಬೆಚ್ಚಿ ಕಚ್ಚಬಹುದು. ಎದುರಿನಿಂದ ಬಂದು, ಹೆಸರು ಕರೆದು ಮುಟ್ಟಿ ಅಂತ ಮನೆಗೆ ಬರುವ ಮಕ್ಕಳಿಗೆ ಕಲಿಸಿ. ಮರಿಯ ಮೈಮೇಲಿನ ಸುಕ್ಕಿನಲ್ಲಿ ಬಹುಪಾಲು ಬೆಳೆಯುತ್ತಾ ಹೋಗಿಬಿಡುತ್ತದೆ, ತಲೆ, ಕತ್ತು, ಹೆಗಲ ಮೇಲೆ ಮಾತ್ರ ಉಳಿಯುತ್ತದೆ. ಸುಕ್ಕು ನೋಡಿ ತಂದಿದ್ದರೆ ಒಂದೂವರೆ ವರ್ಷದ ಹೊತ್ತಿಗೆ ನಿಮ್ಮ ಮನೆಯಲ್ಲಿರುವುದು ಬೇರೆಯೇ ನಾಯಿ.

ಇಷ್ಟೆಲ್ಲ ಆದ ಮೇಲೂ ಬೇಕು ಅನ್ನಿಸಿದರೆ, ಮರಿಯನ್ನಷ್ಟೇ ನೋಡಿ ಬರಬೇಡಿ. ನಮ್ಮ ದೇಶದ 2017ರ ನಾಯಿ ಸಾಕಣೆ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಆ ನೋಂದಣಿ ಕಾಗದ ಕೇಳಿ. ತಾಯಿ ನಾಯಿಯನ್ನು ತೋರಿಸಿ ಅನ್ನಿ. ಪಗ್ ಆದರೆ ತಾಯಿಯನ್ನು ಅಂಗಳದಲ್ಲಿ ಎರಡು ಸುತ್ತು ನಡೆಸಿ, ಆಮೇಲೆ ಅದರ ಉಸಿರು ಕೇಳಿಸಿಕೊಳ್ಳಿ. ಮೂಗಿನ ಹೊಳ್ಳೆ ಅಗಲವಾಗಿ ತೆರೆದಿದೆಯೋ, ಬರೀ ಗೀರಿನ ಥರ ಇದೆಯೋ ನೋಡಿ. ಶಾರ್ ಪೇ ಆದರೆ ಅಪ್ಪ-ಅಮ್ಮ ಎರಡಕ್ಕೂ ಜ್ವರ ಬಂದಿತ್ತಾ, ರೆಪ್ಪೆ ಆಪರೇಷನ್ ಆಗಿತ್ತಾ, ಅದರ ಹಿಂದಿನ ತಲೆಮಾರು ಎಷ್ಟು ವರ್ಷ ಬದುಕಿತು, ಕಿಡ್ನಿ ಹೇಗಿತ್ತು ಅಂತ ಕೇಳಿ. ಆಮೇಲೆ ಇರುವ ಮರಿಗಳಲ್ಲಿ ಸುಕ್ಕು ಅತಿ ಕಡಿಮೆ ಇರುವುದನ್ನು ಎತ್ತಿಕೊಳ್ಳಿ. ಮಾರುವವರು ಅದನ್ನೇ ಕಡಿಮೆ ರೇಟಿಗೆ ಕೊಟ್ಟರೂ ಕೊಟ್ಟಾರು.